ಜಿಂಜಾದಲ್ಲಿ ಉಳಿದ ಹಣ

೧೯೭೨ರ ಮೇ ತಿಂಗಳಲ್ಲಿ ದಾಕ್ಷಾಯಣಿ ರಜೆಯ ಮೇಲೆ ಕುರುಗೋಡಿಗೆ ಬಂದಾಗ ಅವಳ ಬಳಿ ಎರಡು ದೇಶಗಳ ಪಾಸ್‌ಪೋರ್ಟುಗಳಿದ್ದವು. ಅವಳ ತಂದೆ ಬಳ್ಳಾರಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಫಿಟ್ಟರ್ ಆಗಿದ್ದು, ಯುಗಾಂಡಾದ ಜಿಂಜಾ ಊರಿಗೆ ಕೆಲಸಕ್ಕೆ ಹೋದವರು. ಮಗಳು ಹುಟ್ಟಿದ್ದು ಅಲ್ಲೇ. ಆಗ ಅಲ್ಲಿ ಬ್ರಿಟಿಷರ ಆಳ್ವಿಕೆ. ಹಾಗಾಗಿ ಅವಳು ಬ್ರಿಟಿಷ್ ಪ್ರಜೆ. ತಂದೆ ಭಾರತದ ರಾಯಭಾರ ಕಚೇರಿಯಲ್ಲೂ ಅವಳ ಹೆಸರು ಬರೆಸಿದ್ದರು. ಅವರು ತೀರಿಕೊಂಡ ಮೇಲೆ ತಾಯಿ ಅಕ್ಕನಾಗಮ್ಮ ಕುರುಗೋಡಿಗೆ ಮರಳಿದರು. ದಾಕ್ಷಾಯಣಿ ಜಿಂಜಾದ ಆಸ್ಪತ್ರೆಯಲ್ಲಿ ನರ್ಸಾಗಿ ಉಳಿದಳು.

ಈಗ ಅಲ್ಲಿ ಸೇನೆಯ ಆಳ್ವಿಕೆ ಬಂದು, ಸೈನಿಕರು ದಾರಿಯಲ್ಲಿ ಗಾಡಿ ನಿಲ್ಲಿಸಿ ಜನರನ್ನು ಇಳಿಸುತ್ತಿದ್ದರು. ಹೊರಟುಬಿಡಬೇಕೆಂದು ಅವಳಿಗೂ ಅನ್ನಿಸಿತ್ತು. ಉಳಿತಾಯದ ಹಣ ಕಳಿಸಲು ಅಲ್ಲಿನ ಬ್ಯಾಂಕು ಒಪ್ಪಿತ್ತು, ಆದರೆ ಒಂದೇ ಸಲ, ಒಂದೇ ದೇಶಕ್ಕೆ. ಲಂಡನ್ನಿಗೋ ಬಳ್ಳಾರಿಗೋ ಎಂದು ಅವಳು ತಿಳಿಸಬೇಕಿತ್ತು.

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಸೋದರಮಾವ ಗವಿಸಿದ್ದಪ್ಪ ಅವಳನ್ನು ಕಾಲುವೆ ಪಕ್ಕದಲ್ಲಿ ಮಾರಾಟಕ್ಕಿದ್ದ ಗದ್ದೆಗೆ ಕರೆದೊಯ್ದ.

"ಎರಡು ಬೆಳಿ ಬರೋ ಭೂಮಿ ತಾಯಿ. ರೊಕ್ಕ ಇಲ್ಲಿಗೆ ತರಿಸು."

"ಸ್ವಲ್ಪ ದಿನ ತಡೀರಿ ಮಾವಾ."

"ಲಂಡನ್ನಿನಾಗ ನಿನಗ ಯಾರದಾರ?"

"ಯಾರೂ ಇಲ್ರಿ. ಕೆಲಸ ಸಿಗತೈತಿ."

ದಿನಗಳು ಸರಿದವು. ಬೆಳಿಗ್ಗೆ ಎದ್ದಾಗ ಲಂಡನ್ನೇ ಸರಿ ಎನ್ನಿಸುತ್ತಿತ್ತು. ಮಧ್ಯಾಹ್ನ ಅವ್ವ ಬಿಸಿ ರೊಟ್ಟಿ ಬಡಿಸುವ ಹೊತ್ತಿಗೆ ಇಲ್ಲೇ ಇದ್ದುಬಿಡೋಣ ಎನ್ನಿಸುತ್ತಿತ್ತು. ಖಾತೆ ತೆರೆಯಲೆಂದು ಎರಡು ಸಲ ಬಳ್ಳಾರಿಯ ಬ್ಯಾಂಕಿನ ಬಾಗಿಲವರೆಗೂ ಹೋಗಿ, ಬ್ರೂಸ್‌ಪೇಟೆಯಲ್ಲಿ ಸುಮ್ಮನೆ ಸುತ್ತಾಡಿ ಬಸ್ಸು ಹತ್ತಿ ವಾಪಸಾದಳು. ರಜೆ ಮುಗಿಯಿತು, ಇನ್ನಷ್ಟು ದಿನ ಬೇಕೆಂದು ಆಸ್ಪತ್ರೆಗೆ ಬರೆದಳು.

"ಒಂದು ಕಡಿ ಕುಂದ್ರವ್ವಾ. ನಿನ್ನ ನೋಡಿ ನನಗ ತಲಿ ಸುತ್ತಾಕತ್ತೈತಿ," ಎಂದರು ಅಕ್ಕನಾಗಮ್ಮ.

ಆಗಸ್ಟಿನಲ್ಲಿ ಪಕ್ಕದ ಮನೆಯ ರೇಡಿಯೋ ಸುದ್ದಿ ಹೇಳಿತು: ಬ್ರಿಟಿಷ್ ಪಾಸ್‌ಪೋರ್ಟಿನ ಏಷ್ಯಾದವರು ಮೂರು ತಿಂಗಳಲ್ಲಿ ಯುಗಾಂಡಾ ಬಿಡಬೇಕು. ದಾಕ್ಷಾಯಣಿ ಸಿಕ್ಕ ಬಸ್ಸಿಗೆ ಬಳ್ಳಾರಿಗೆ ಓಡಿದಳು. ಅಂಚೆ ಕಚೇರಿಯಲ್ಲಿ ಜಿಂಜಾದ ಬ್ಯಾಂಕಿಗೆ ಕಳಿಸುವ ತಂತಿಯಲ್ಲಿ ಮೊದಲು ಲಂಡನ್ ಎಂದು ಬರೆದಳು. ಅದನ್ನು ಹೊಡೆದುಹಾಕಿ ಬಳ್ಳಾರಿ ಎಂದು ಬರೆದು ಕೊಟ್ಟಳು. ಉತ್ತರ ಬರಲು ಬಹಳ ದಿನ ಹಿಡಿಯಿತು. ಇನ್ನು ಹಣ ಕಳಿಸಲಾಗದು ಎಂದಿತ್ತು ಅದರಲ್ಲಿ.

ಸುದ್ದಿ ತಿಳಿಸಲು ಸಿರುಗುಪ್ಪಕ್ಕೆ ಹೋದಾಗ ಅವಳಿಗೆ ಇನ್ನೊಂದು ಸಂಗತಿ ತಿಳಿಯಿತು. ಆ ಗದ್ದೆ ಬೇರೆಯವರ ಪಾಲಾಗಬಾರದೆಂದು ಮಾವ ಅವಳ ಹೆಸರಲ್ಲಿ ತನ್ನ ಕೈಯಿಂದಲೇ ಮುಂಗಡ ಕೊಟ್ಟಿದ್ದ. ಬಾಕಿ ಹಣ ಕೊಡಲಾಗದೆ ಅದೂ ಹೋಗುವಂತಾಯಿತು.

"ನನಗ್ಯಾಕ ಹೇಳಲಿಲ್ರಿ ಮಾವಾ?"

"ನೀ ಹ್ಞೂಂ ಅಂದಿರಲಿಲ್ಲಲ್ಲ ತಾಯಿ. ನಾನ ಅವಸರ ಮಾಡಿದೆ, ಬಿಡು."

ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. ಗಿರಣಿಯ ತೌಡಿನ ದೂಳಿನಲ್ಲಿ ನಿಂತು ಬಿಕ್ಕಿಬಿಕ್ಕಿ ಅತ್ತಳು.

ಬಳ್ಳಾರಿಯ ಒಂದು ನರ್ಸಿಂಗ್ ಹೋಮ್‌ನಲ್ಲಿ ಕೆಲಸ ಹಿಡಿದು, ಬೇಡ ಬೇಡವೆಂದರೂ ಮಾವನ ಹಣವನ್ನು ತೀರಿಸಿದಳು. ಅದಕ್ಕೆ ನಾಲ್ಕು ವರ್ಷ ಬೇಕಾಯಿತು. ಆಗ ಮಾವನೇ ಮತ್ತೆ ಕೇಳಿದ, "ಇನ್ನ ಉಳಿಯೋದನ್ನ ಎಲ್ಲಿ ಇಡತಿ?"

"ಅರ್ಧ ಇಲ್ಲಿ, ಅರ್ಧ ಅಲ್ಲಿ," ಎಂದಳು. ಲಂಡನ್ನಿನ ಆಸ್ಪತ್ರೆಯೊಂದು ಅವಳನ್ನು ಕರೆದಿತ್ತು. ಈ ಸಲ ಪತ್ರ ಬಂದ ದಿನವೇ ಅವಳು ಒಪ್ಪಿಗೆ ಬರೆದು ಹಾಕಿದ್ದಳು. ಬರೆದ ಮೇಲೂ ನಿದ್ದೆ ಬಂದಿರಲಿಲ್ಲ.

ಹೊರಡುವ ದಿನ ಅಕ್ಕನಾಗಮ್ಮ ಕುರುಗೋಡಿನ ಬಸ್ ನಿಲ್ದಾಣಕ್ಕೆ ಬಂದರು. ಮಗಳು ಕಿಟಕಿಯ ಪಕ್ಕ ಕೂತವಳು ಮತ್ತೆ ಎದ್ದು ಇಳಿದು ಬಂದಳು.

"ಅವ್ವಾ, ಹೋಗ್ಲೋ ಬ್ಯಾಡೋ?"

"ನನ್ನ ಕೇಳಿದ್ರ ಬ್ಯಾಡ ಅಂತೀನಿ. ಹತ್ತು, ಡ್ರೈವರ್ ಕಾಯಾಕತ್ತಾನ," ಎಂದು ಅಕ್ಕನಾಗಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ಮೆಟ್ಟಿಲು ಹತ್ತಿಸಿದರು.