ಹಿಡಿಕೆಯಿಲ್ಲದ ಬದಿ

ವಿಮಾನ ನಿಲ್ದಾಣದ ಎರಡು ತೋಳುಗಳಿಗೆ ಕಚೇರಿಯವರು ಇಟ್ಟ ಹೆಸರು ದೊಡ್ಡಮ್ಮ, ಚಿಕ್ಕಮ್ಮ. ವಿಮಾನಗಳು ಎರಡೂ ಪಕ್ಕದಲ್ಲಿ ಬಂದು ಮೂಗು ತಾಗಿಸಿ ನಿಲ್ಲುವ ಉದ್ದನೆಯ ಕಟ್ಟಡಗಳು ಅವು. ದೊಡ್ಡಮ್ಮ ಹಳೆಯದು, ತಗ್ಗು ಚಾವಣಿಯದು, ಒಳಗೆ ಸದಾ ನೆಲ ಒರೆಸುವ ಔಷಧಿಯ ವಾಸನೆ. ಚಿಕ್ಕಮ್ಮ ಹೊಸದು, ಎತ್ತರದ್ದು, ಕಣ್ಣು ಕುಕ್ಕುವಷ್ಟು ಬಿಳಿ. ಇಬ್ಬರಿಗೂ ಬೇರೆ ಬೇರೆ ಮುಖ್ಯಸ್ಥರು, ಬೇರೆ ಬೇರೆ ಕಾವಲು, ಬೇರೆ ಬೇರೆ ಅಗ್ನಿ ಅಧಿಕಾರಿಗಳು. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬೇಕಾದ ಪ್ರಯಾಣಿಕರು ಗಂಟುಮೂಟೆ ಹೊತ್ತು ಕೆಳಗಿಳಿದು, ಬಸ್ಸಿಗೆ ಕಾದು, ವಿಮಾನ ತಪ್ಪಿಸಿಕೊಂಡು ಎಲ್ಲರಿಗೂ ಸೇರಿಸಿ ಶಾಪ ಹಾಕುತ್ತಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇಲ್ಲಿ ಸವತಿಯರ ಜಗಳ, ಅಷ್ಟೇ ವ್ಯತ್ಯಾಸ.

ಈ ಸವತಿಯರ ನಡುವೆ ಒಂದು ಸೇತುವೆ ಆಗಬೇಕೆಂದು ಕೊನೆಗೂ ಮೇಲಿನವರಿಗೆ ಬುದ್ಧಿ ಬಂತು. ಕೆಳಗೆ ವಿಮಾನಗಳು ತೆವಳಿಕೊಂಡು ಹೋಗುವ ದಾರಿ, ಅದರ ಮೇಲೆ ಆ ತುದಿಯಿಂದ ಈ ತುದಿಯವರೆಗೆ ಗಾಜಿನ ಗೋಡೆಗಳ ಸೇತುವೆ. ಅದರ ನಕ್ಷೆ ಬರೆದವಳು ವಿನ್ಯಾಸ ಕಚೇರಿಯ ಒಬ್ಬ ಕಿರಿಯ ಎಂಜಿನಿಯರ್. ಬರೆಸಿದವನು ಅವಳ ಸೋದರಮಾವ, ಅದೇ ಕಚೇರಿಯ ಮುಖ್ಯ ಎಂಜಿನಿಯರ್. ಅಪ್ಪ ತೀರಿಕೊಂಡಾಗ ಅವಳಿನ್ನೂ ಅಕ್ಷರ ಕೂಡಿಸಿ ಓದುತ್ತಿದ್ದಳು. ತಂಗಿಯನ್ನೂ ಮಗುವನ್ನೂ ಮನೆಗೆ ಕರೆತಂದ ಮಾವ ಆಮೇಲೆ ತನ್ನ ಮದುವೆಯ ಮಾತನ್ನೇ ಎತ್ತಲಿಲ್ಲ. ಪೆನ್ಸಿಲ್ ಹಿಡಿಯುವುದು ಕಲಿಸಿದವನು ಅವನೇ, ಓದಿಸಿದವನು ಅವನೇ, ಕಚೇರಿಯಲ್ಲಿ ಎಲ್ಲರೆದುರು ‘ಈ ಗೆರೆ ಕುಡಿದವರು ಎಳೆದ ಹಾಗಿದೆ’ ಎಂದು ಬೈಯುವವನೂ ಅವನೇ.

ಆ ವರ್ಷ ಅವನ ನಿವೃತ್ತಿ. ಜನ್ಮವಿಡೀ ಅವನು ಕಟ್ಟಿಸಿದ್ದು ಚರಂಡಿ, ಕಾರು ನಿಲ್ಲಿಸುವ ಜಾಗ, ಸಾಮಾನಿನ ಕೊಟ್ಟಿಗೆ. “ನಾನು ಕಟ್ಟಿದ್ದರ ಮೇಲೆ ಜನ ಒಂದೋ ಕಾರು ನಿಲ್ಲಿಸ್ತಾರೆ, ಇಲ್ಲ ಉಗುಳ್ತಾರೆ” ಎಂದು ಊಟಕ್ಕೆ ಕೂತಾಗ ನಗುತ್ತಿದ್ದ. ನಗು ತುಟಿಯ ಮೇಲಷ್ಟೇ. ಜನ ಕತ್ತೆತ್ತಿ ನೋಡುವಂಥದ್ದು ಅವನ ಪಾಲಿಗೆ ಬಂದದ್ದು ಈ ಸೇತುವೆ ಒಂದೇ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ಮುಂದೆ ಮುಳುವಾಯಿತು.

ಉದ್ಘಾಟನೆಗೆ ಇನ್ನೂ ಕೆಲವು ವಾರಗಳಿದ್ದಾಗ, ಒಂದು ಮಧ್ಯಾಹ್ನ, ನೆಲಹಾಸು ನೋಡಲೆಂದು ದೊಡ್ಡಮ್ಮನ ಕಡೆಯಿಂದ ಸೇತುವೆಗೆ ಹೊರಟಳು. ತಂತಿ ಜೋಡಿಸುವ ಕೆಲಸಕ್ಕಾಗಿ ಕರೆಂಟು ತೆಗೆದಿದ್ದರು. ಬಾಗಿಲು ದಪ್ಪ ಉಕ್ಕಿನದು, ಎದೆಮಟ್ಟದಿಂದ ಮೇಲಕ್ಕೆ ಮಾತ್ರ ಗಾಜು. ತಳ್ಳಿಕೊಂಡು ಸೇತುವೆಗೆ ಬಂದಳು. ಬೆನ್ನ ಹಿಂದೆ ಅದು ಮೆಲ್ಲಗೆ, ಸದ್ದಿಲ್ಲದೆ ಮುಚ್ಚಿಕೊಂಡಿತು.

ನಡುಸೇತುವೆಯಲ್ಲಿ ನೆಲಹಾಸು ಹಾಸುವವನು ಅಂಗಿ ಬಿಚ್ಚಿ, ಸುರುಳಿಯ ಮೇಲೆ ಕಾಲು ಚಾಚಿ ಕೂತಿದ್ದ.

“ನೀವೂ ಬಂದ್ರಾ ಅಕ್ಕ? ಬನ್ನಿ ಬನ್ನಿ. ನಾನು ಬೆಳಿಗ್ಗೆಯಿಂದ ಇಲ್ಲೇ ಸಂಸಾರ ಹೂಡಿದೀನಿ.”

“ಯಾಕೆ, ಕೆಲಸ ಮುಗೀಲಿಲ್ವಾ?”

“ಕೆಲಸ ಮುಗೀತು. ಹೋಗೋಕೆ ದಾರಿ ಇಲ್ಲ. ಫೋನ್ ಬೇರೆ ಒಳಗಡೆ ಬ್ಯಾಗಲ್ಲಿದೆ.”

ಅವಳು ನಕ್ಕು ಹಿಂದಿರುಗಿ ಬಾಗಿಲ ಹತ್ತಿರ ಹೋದಳು. ಸೇತುವೆಯ ಬದಿಗೆ ಹಿಡಿಕೆಯೇ ಇರಲಿಲ್ಲ. ಉಕ್ಕು ನುಣ್ಣಗಿತ್ತು, ಉಗುರು ತೂರಿಸಲೂ ಸಂದಿಲ್ಲ. ಚಿಕ್ಕಮ್ಮನ ತುದಿಗೆ ನಡೆದಳು. ಅಲ್ಲೂ ಹಾಗೆಯೇ. ಅಂಗೈಯಿಂದ ಬಡಿದಳು; ಗಾಜಿನಾಚೆಯ ಬಿಳಿ ಹಜಾರದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಮಾವನಿಗೆ ಫೋನ್ ಮಾಡಿ ಕಾಯುತ್ತ ನಿಂತಳು. ಬಿಸಿಲು ಎರಡೂ ಗೋಡೆಯಿಂದ ಒಳಗಿಳಿದಿತ್ತು, ಗಾಳಿ ಅಲುಗುತ್ತಿರಲಿಲ್ಲ. ಕೆಳಗೆ ಒಂದು ವಿಮಾನ ಹಾದು ಹೋದಾಗ ಪಾದದಡಿ ನೆಲ ಸಣ್ಣಗೆ ನಡುಗಿತು. ಆಗಲೇ ಅವಳಿಗೆ ಹೊಳೆದದ್ದು.

ಆ ಬಾಗಿಲುಗಳು ಸದಾ ತೆರೆದೇ ಇರುವಂಥವು. ಗೋಡೆಯ ಅಯಸ್ಕಾಂತ ಅವನ್ನು ಹಿಡಿದಿರುತ್ತದೆ. ಬೆಂಕಿಯ ಗಂಟೆ ಹೊಡೆದರೆ ಅಯಸ್ಕಾಂತದ ಕರೆಂಟು ಹೋಗಿ ತಾವಾಗಿ ಮುಚ್ಚಿಕೊಳ್ಳುತ್ತವೆ. ಹೊಗೆ ಹರಡದಿರಲೆಂದು ಗಾಳಿಯ ಯಂತ್ರವೂ ನಿಲ್ಲುತ್ತದೆ. ಅಂದರೆ ಈಗ ಇಲ್ಲಿ ಹೇಗಿದೆಯೋ ಗಂಟೆ ಹೊಡೆದ ದಿನವೂ ಹಾಗೆಯೇ ಇರುತ್ತದೆ.

ತಪ್ಪು ಮಾಡಿದವರು ಯಾರೆಂದು ಹುಡುಕಿದರೆ ಯಾರೂ ಇಲ್ಲ, ಅದೇ ದೊಡ್ಡ ಗ್ರಹಚಾರ. ದೊಡ್ಡಮ್ಮನ ಅಗ್ನಿ ಅಧಿಕಾರಿ ಹೇಳಿದ್ದು, ನಮ್ಮಲ್ಲಿ ಬೆಂಕಿ ಬಿದ್ದರೆ ನಮ್ಮವರು ಸೇತುವೆಯಿಂದ ಆಚೆ ಹೋಗಬೇಕು, ಆಚೆಯವರು ಒಳಗೆ ಬರಕೂಡದು. ಅದಕ್ಕೆ ಬಾಗಿಲು ಸೇತುವೆಯ ಕಡೆಗೆ ಮಾತ್ರ ತೆರೆಯಬೇಕು. ಸರಿಯಾದ ಮಾತು. ಚಿಕ್ಕಮ್ಮನ ಅಧಿಕಾರಿ ಹೇಳಿದ್ದೂ ಅಕ್ಷರಶಃ ಅದನ್ನೇ. ಅದೂ ಸರಿ. ಇಬ್ಬರೂ ಒಂದು ದಿನ ಒಟ್ಟಿಗೆ ಕೂತು ಮಾತಾಡಿದ್ದರೆ ಸಾಕಿತ್ತು, ಆದರೆ ಅವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇನ್ನು ಅವಳ ಕಚೇರಿಯ ಪದ್ಧತಿ ಏನೆಂದರೆ, ಸೇತುವೆಯ ಎರಡೂ ತುದಿಗೆ ಚುಕ್ಕೆಗೆರೆ ಎಳೆದು ‘ಇಲ್ಲಿಂದಾಚೆ ಬೇರೆಯವರ ಕೆಲಸ’ ಎಂದು ಬರೆದುಬಿಡುವುದು. ಅವಳೂ ಬರೆದಿದ್ದಳು, ಅಂದವಾದ ಅಕ್ಷರದಲ್ಲಿ. ಹೀಗೆ ಎರಡೂ ಮನೆಯವರು ತಂತಮ್ಮ ಜನರನ್ನು ಇನ್ನೊಂದು ಮನೆಗೆ ಕಳಿಸಿ ಬಾಗಿಲು ಹಾಕಿಕೊಳ್ಳುವ ಏರ್ಪಾಡು ಆಗಿತ್ತು. ಸಾಲದ್ದಕ್ಕೆ, ಸೇತುವೆ ಬಂದ ಮೇಲೆ ಎರಡೂ ಕಡೆಯ ಗಂಟೆಯನ್ನು ಒಂದೇ ತಂತಿಗೆ ಜೋಡಿಸಿದ್ದರು. ಒಂದು ಕಡೆ ಹೊಡೆದರೆ ಎರಡೂ ಕಡೆ ಹೊಡೆಯುತ್ತದೆ. ಎರಡೂ ಕಡೆಯ ಜನ ಸೇತುವೆಗೇ ನುಗ್ಗುತ್ತಾರೆ.

ಮಾವ ಬಂದು ಒಳಗಿನಿಂದ ಬಾಗಿಲು ತೆಗೆದು, “ಗೃಹಪ್ರವೇಶ ನೀನೇ ಮಾಡಿಬಿಟ್ಯಲ್ಲೇ!” ಎಂದು ನಕ್ಕ. ಅವಳು ನಗಲಿಲ್ಲ.

ಸಂಜೆ ಮನೆಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಮಾವ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. ಅವಳು ಅರ್ಧ ಹೇಳುವಷ್ಟರಲ್ಲೇ ಅವನಿಗೆ ಪೂರ್ತಿ ಅರ್ಥವಾಗಿತ್ತು.

“ಎರಡು ಬಾಗಿಲು ಬದಲಾಯಿಸ್ಬೇಕು ಅಂದ್ರೆ ಇಬ್ಬರೂ ಅಧಿಕಾರಿಗಳು ಒಪ್ಪಬೇಕು,” ಎಂದ. “ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತೆ. ಅವರು ಒಪ್ಪೋ ಹೊತ್ತಿಗೆ ನಾನು ಮನೇಲಿ ಕೂತು ಗಿಡಕ್ಕೆ ನೀರು ಹಾಕ್ತಿರ್ತೀನಿ. ಸೇತುವೆ ಯಾರದೋ ಹೆಸರಲ್ಲಿ ತೆರೆಯುತ್ತೆ.”

“ಜನ ಸಿಕ್ಕಿಹಾಕ್ಕೊಂಡ್ರೆ ಮಾವ?”

“ಉದ್ಘಾಟನೆಗೆ ಮುಂಚೆ ನಾನೇ ಹಿಡಿಕೆ ಹಾಕಿಸ್ತೀನಿ, ಸದ್ದಿಲ್ಲದೆ. ಈಗಲೇ ಹಾಕಿದ್ರೆ ಅಧಿಕಾರಿಗಳ ಕಣ್ಣಿಗೆ ಬೀಳುತ್ತೆ, ಜನರನ್ನ ನಡೆಸಿ ನೋಡೋ ಪರೀಕ್ಷೆಯ ದಿನ ಒಂದು ಕಳೀಲಿ. ಅವತ್ತು ಮೇಲಿನವರು ನೋಡಿ ಸೈ ಅಂದ್ರೆ ಆಮೇಲೆ ಯಾರೂ ತಡೆಯಲ್ಲ. ಅವತ್ತು ಗಂಟೆ ಹೊಡೆಯೋ ಹಾಗಿಲ್ಲ ಅಂತ ಇಬ್ಬರಿಗೂ ಹೇಳ್ತೀನಿ.”

“ಹೊಡೆದ್ರೆ?”

“ಎರಡೂ ಬಾಗಿಲಿಗೆ ಒಬ್ಬೊಬ್ಬ ಕಾವಲುಗಾರ. ಬಾಗಿಲು ಮುಚ್ಚದ ಹಾಗೆ ಮರದ ತುಂಡು. ಸಾಕಾ? ನಿನ್ನ ಮಾವ ಇಷ್ಟು ವರ್ಷದಲ್ಲಿ ಒಬ್ಬರನ್ನಾದರೂ ಕೊಂದಿದಾನಾ?”

ಅಮ್ಮ ತಟ್ಟೆ ಎತ್ತಲು ಬಂದವಳು, “ಏನದು ಮಾವ ಸೊಸೆ ಗುಸುಗುಸು?” ಎಂದಳು. “ಆ ಪರೀಕ್ಷೆಗೆ ಪ್ರಯಾಣಿಕರ ಹಾಗೆ ನಡೆಯೋಕೆ ನೌಕರರ ಮನೆಯವರು ಬೇಕಂತಲ್ಲ. ನಾನೂ ಬರ್ತೀನಪ್ಪ. ವಿಮಾನ ಹತ್ತದಿದ್ದರೂ ಹತ್ತೋ ಜಂಬ ಆದರೂ ಸಿಗಲಿ.”

ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಬೇಡ ಎಂದರೆ ಯಾಕೆ ಎನ್ನುತ್ತಾಳೆ, ಯಾಕೆ ಎಂದು ಹೇಳಿದರೆ ಮಾವನ ಮಾನ ಅಡುಗೆಮನೆಯಲ್ಲಿ ಹರಾಜಾಗುತ್ತದೆ.

ಇಲ್ಲಿ ಅವಳು ತಪ್ಪಿದಳು, ಅದನ್ನು ಮುಚ್ಚಿಡುವುದು ಬೇಡ. ವಿಮಾನ ನಿಲ್ದಾಣದ ನಿರ್ದೇಶಕರ ಕೋಣೆ ಅವಳ ಕಚೇರಿಯಿಂದ ಒಂದೇ ಮಹಡಿ ಮೇಲಿತ್ತು. ದಿನವೂ ಮೆಟ್ಟಿಲ ಬುಡಕ್ಕೆ ಹೋಗಿ ನಿಲ್ಲುತ್ತಿದ್ದಳು. ಅನ್ನ ಹಾಕಿದ ಕೈಯನ್ನು ಕಚ್ಚುವುದು ಹೇಗೆ ಎಂದುಕೊಂಡು ತಿರುಗಿ ಬಂದು ಕುರ್ಚಿಯಲ್ಲಿ ಕೂರುತ್ತಿದ್ದಳು. ಮಡಿಲಲ್ಲಿ ಕೆಂಡ ಕಟ್ಟಿಕೊಂಡವರಿಗೆ ನಿದ್ದೆಯೆಲ್ಲಿಂದ ಬರಬೇಕು? ಕನಸಿನಲ್ಲೂ ಅವಳ ಕೈ ನುಣ್ಣನೆಯ ಉಕ್ಕಿನ ಮೇಲೆ ಹಿಡಿಕೆ ತಡಕುತ್ತಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆಯೇ ಸೆಕೆ. ನೌಕರರ ಹೆಂಡಿರು, ಅಣ್ಣತಮ್ಮಂದಿರು, ಅತ್ತೆ ಮಾವಂದಿರು ಖಾಲಿ ಸೂಟ್‌ಕೇಸು ಎಳೆದುಕೊಂಡು ದೊಡ್ಡಮ್ಮನಲ್ಲಿ ಸೇರಿದರು. ನಗು, ಫೋಟೊ, ಗದ್ದಲ. ಮಾವ ಇಸ್ತ್ರಿ ಮಾಡಿದ ಕೋಟು ಹಾಕಿ ಎಲ್ಲರ ಮುಂದೆ ನಿಂತಿದ್ದ, ಪಕ್ಕದಲ್ಲಿ ಅಮ್ಮ. ಅವನ ಮುಖ ಅಷ್ಟು ಹಗುರವಾಗಿದ್ದದ್ದನ್ನು ಅವಳು ಎಂದೂ ನೋಡಿರಲಿಲ್ಲ.

ಅವಳು ಚಿಕ್ಕಮ್ಮನ ಬಾಗಿಲಿಗೆ ಬಂದು ನಿಂತಳು. ಮಾವ ಹೇಳಿದಂತೆ ಮರದ ತುಂಡು ಇತ್ತು, ಕಾವಲುಗಾರನೂ ಇದ್ದ. ಶಿಸ್ತಿಗೆ ಹೆಸರಾದವನು, ಅಣಕು ಕಾರ್ಯಾಚರಣೆಗಳಲ್ಲಿ ಬಹುಮಾನ ಪಡೆದವನು. ಮಾವ ಅವನನ್ನೇ ಆರಿಸಿ ನಿಲ್ಲಿಸಿದ್ದ. ಅವಳ ಎದೆಯ ಭಾರ ಸ್ವಲ್ಪ ಇಳಿಯಿತು. ಸೇತುವೆಯ ಆ ತುದಿಯಲ್ಲಿ ಜನರ ಮೊದಲ ಸಾಲು ಕಾಣಿಸಿತು.

ಅಷ್ಟರಲ್ಲಿ ಹಿಂದಿನಿಂದ ಚಿಕ್ಕಮ್ಮನ ಅಗ್ನಿ ಅಧಿಕಾರಿಯ ದನಿ ಕೇಳಿತು. ಬಂದಿದ್ದ ದೊಡ್ಡ ಮನುಷ್ಯರಿಗೆ ಅವನು ಹೇಳುತ್ತಿದ್ದ, “ಗಂಟೆ ಹೊಡೆಯದ ಪರೀಕ್ಷೆ ಉಪ್ಪಿಲ್ಲದ ಊಟ ಸಾರ್. ಆ ಕಡೆಯವರಿಗೆ ಧೈರ್ಯ ಇಲ್ಲ, ಬೇಡ ಅಂದ್ರು. ನಮ್ಮ ಜನ ಎಷ್ಟು ಬೇಗ ಖಾಲಿ ಮಾಡ್ತಾರೆ, ನೋಡ್ತಾ ಇರಿ.” ಹೇಳುತ್ತಲೇ ಹಜಾರದಾಚೆಯ ಕೆಂಪು ಪೆಟ್ಟಿಗೆಯ ಕಡೆ ನಡೆದ.

“ಬೇಡ! ನಿಲ್ಲಿ!” ಎಂದು ಕಿರುಚಿ ಅವಳು ಓಡಿದಳು. ಅವನು ಹೊರಳಿ ನೋಡಿ ಮುಗುಳ್ನಕ್ಕ, ಕೈ ಆಗಲೇ ಗುಂಡಿಯ ಮೇಲಿತ್ತು. ಗಂಟೆ ಹೊಡೆಯಿತು.

ಅವಳು ಬಾಗಿಲ ಕಡೆ ತಿರುಗಿದಳು. ಕಾವಲುಗಾರ ಬಾಗಿ ಮರದ ತುಂಡನ್ನು ತೆಗೆಯುತ್ತಿದ್ದ. ಬೆಂಕಿಯ ಬಾಗಿಲಿಗೆ ಏನೂ ಅಡ್ಡ ಇರಕೂಡದು, ಗಂಟೆ ಹೊಡೆದರೆ ಮೊದಲು ಅದನ್ನು ತೆಗೆಯಬೇಕು: ವರ್ಷಗಟ್ಟಲೆ ಅವನಿಗೆ ಕಲಿಸಿದ್ದು ಅದನ್ನೇ. ತುಂಡು ಇಟ್ಟದ್ದು ಯಾಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಗುಟ್ಟು ರಟ್ಟಾಗುತ್ತಿತ್ತಲ್ಲ. ಬಾಗಿಲು ಮುಚ್ಚಿತು. ಅವನು ಅದನ್ನೊಮ್ಮೆ ತಟ್ಟಿ ನೋಡಿ, ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು, ಜನರನ್ನು ಒಟ್ಟುಗೂಡಿಸಲು ಹಜಾರದೊಳಕ್ಕೆ ಓಡಿದ.

ಅವಳು ಬಂದು ಬಾಗಿಲು ತಳ್ಳುವಷ್ಟರಲ್ಲಿ ಆಚೆ ಜನ ಬಂದು ತಾಗಿದ್ದರು. ಬಾಗಿಲು ತೆರೆಯಬೇಕಾದ್ದು ಅವರ ಕಡೆಗೆ. ಮುಂದಿನವರು ಹಿಂದೆ ಸರಿಯದೆ ಅದು ತೆರೆಯದು. ಮುಂದಿನವರಿಗೆ ಸರಿಯಲು ಜಾಗವಿಲ್ಲ, ಹಿಂದಿನವರಿಗೆ ಮುಂದೆ ಏನಾಗಿದೆ ಎಂದು ಗೊತ್ತಿಲ್ಲ. ಆ ತುದಿಯ ಕಾವಲುಗಾರನೂ ತುಂಡು ತೆಗೆದಿದ್ದ; ದೊಡ್ಡಮ್ಮನ ಬಾಗಿಲು ಮತ್ತೆ ಮತ್ತೆ ತೆರೆದು ಇನ್ನಷ್ಟು ಜನರನ್ನು ಸೇತುವೆಗೆ ತುಂಬುತ್ತಿತ್ತು. ಗೋಡೆಯೊಳಗಿಂದ ಒಂದು ಹೆಣ್ಣುದನಿ ಸಕ್ಕರೆಯಂಥ ಮಾತಿನಲ್ಲಿ ‘ದಯವಿಟ್ಟು ಮುಂದೆ ಸಾಗಿ’ ಎನ್ನುತ್ತಲೇ ಇತ್ತು. ಯಾರೋ ಹೊಗೆ ಎಂದು ಕೂಗಿದರು. ಹೊಗೆ ಇರಲಿಲ್ಲ, ಆದರೆ ಆ ಮಾತು ಸಾಕಾಗಿತ್ತು.

ಗಾಜಿನಾಚೆ ಮಾವನ ಮುಖ ಬಂತು. ಪಕ್ಕದಲ್ಲಿ ಅಮ್ಮ, ಕೆನ್ನೆ ಗಾಜಿಗೆ ಒತ್ತಿಹೋಗಿತ್ತು. ಮಾವ ಅವಳನ್ನು ನೋಡಿದ. ಆ ನೋಟದಲ್ಲಿ ಕ್ಷಮೆ ಕೇಳುವ ಪುರುಸೊತ್ತೂ ಇರಲಿಲ್ಲ. ತಟ್ಟನೆ ಬಾಗಿಲಿಗೆ ಬೆನ್ನು ಕೊಟ್ಟು ತಿರುಗಿದ. ಎರಡೂ ತೋಳು ಚಾಚಿ, ಕಾಲೂರಿ, ತಂಗಿಯನ್ನು ಮೂಲೆಗೆ ಸರಿಸಿ ಆ ಇಡೀ ಜನರಾಶಿಯನ್ನು ಹಿಂದಕ್ಕೆ ತಳ್ಳತೊಡಗಿದ. “ಹಿಂದೆ! ಹಿಂದೆ ಹೋಗ್ರೋ!” ಎಂಬ ಅವನ ಕೂಗು ಉಕ್ಕಿನ ಮೂಲಕ ಅವಳಿಗೆ ಮಂದವಾಗಿ ಕೇಳಿತು.

ಆಗ ಅವಳ ಬೆನ್ನ ಹಿಂದೆಯೂ ಕಾಲಸಪ್ಪಳ. ಚಿಕ್ಕಮ್ಮನ ಜನ, ಕಲಿಸಿಕೊಟ್ಟ ಹಾಗೆಯೇ, ಸೇತುವೆಯ ಬಾಗಿಲಿಗೆ ಓಡಿ ಬರುತ್ತಿದ್ದರು. ಅತ್ತ ದರಿ, ಇತ್ತ ಪುಲಿ. ಅವಳೂ ತಿರುಗಿ ನಿಂತಳು, ಅವಳೂ ತೋಳು ಚಾಚಿದಳು. ಮಾವ ಸೊಸೆ ಬೆನ್ನಿಗೆ ಬೆನ್ನು ಕೊಟ್ಟು, ನಡುವೆ ಒಂದು ಬಾಗಿಲಿಟ್ಟುಕೊಂಡು, ಒಬ್ಬೊಬ್ಬರು ಒಂದೊಂದು ಜನಸಾಗರವನ್ನು ತಡೆದರು. ತಲೆಯ ಹಿಂದಿನ ಗಾಜಿನಲ್ಲಿ ಅವನ ತಲೆ ತಾಗಿದ ಅದುರು ಅವಳಿಗೆ ಗೊತ್ತಾಗುತ್ತಿತ್ತು. ಅವಳು ಕೂಗಿದಳು, ಬೈದಳು, ಎದುರಿನವನ ಎದೆಗೆ ಗುದ್ದಿದಳು. ಈ ಕಡೆಯವರು ಒಬ್ಬೊಬ್ಬರಾಗಿ ನಿಂತರು. ಯಾವುದೋ ಹೊತ್ತಿನಲ್ಲಿ ಗಾಜಿನ ಅದುರು ನಿಂತದ್ದು ಅವಳ ಗಮನಕ್ಕೆ ಬರಲಿಲ್ಲ.

ಕೊನೆಗೆ ಯಾರೋ ಗಂಟೆಯನ್ನು ಆರಿಸಿದರು. ಆ ಹೆಣ್ಣುದನಿಯೂ ಮಾತಿನ ನಡುವೆ ನಿಂತಿತು. ಸೇತುವೆಯ ಮೇಲೆ ಹಿಂದಿನಿಂದ ಜನ ಸಡಿಲವಾಗುತ್ತ ಬಂದರು, ಅಳು ಕೇಳಿಸಿತು, ಹೆಸರು ಹಿಡಿದು ಕೂಗುವುದು ಕೇಳಿಸಿತು. ಅವಳು ತಿರುಗಿ ಗಾಜಿನಲ್ಲಿ ನೋಡಿದಳು. ಬಾಗಿಲ ಮುಂದೆ ಒಂದು ಹಾಸಿಗೆಯಷ್ಟು ಜಾಗ ಖಾಲಿಯಾಗಿತ್ತು. ಅಮ್ಮ ನಿಂತಿದ್ದಳು. ಅಮ್ಮ ಬದುಕಿದ್ದಳು. ಅವಳು ಸಮಾಧಾನದಿಂದ ಹಿಡಿಕೆ ಒತ್ತಿ ಬಾಗಿಲು ತಳ್ಳಿದಳು.

ಬಾಗಿಲು ತೆರೆಯಲಿಲ್ಲ.

ಆಚೆ ಜನ ಸರಿದಿದ್ದರು, ಯಾರೂ ಒತ್ತುತ್ತಿರಲಿಲ್ಲ. ಇನ್ನೊಮ್ಮೆ ತಳ್ಳಿದಳು, ಬೆರಳು ತೂರುವಷ್ಟು ತೆರೆದು ಮೆತ್ತನೆಯ ಯಾವುದಕ್ಕೋ ತಾಗಿ ನಿಂತಿತು. ಅಮ್ಮ ಅವಳ ಕಡೆ ನೋಡುತ್ತಿರಲಿಲ್ಲ. ಅಲ್ಲಿದ್ದ ಎಲ್ಲರೂ ಬಾಗಿಲ ಬುಡದ ಕಡೆ, ಗಾಜಿನಿಂದ ಕಾಣದ ಕೆಳಭಾಗದ ಕಡೆ ನೋಡುತ್ತಿದ್ದರು. ಸಂದಿಯಲ್ಲಿ ಇಸ್ತ್ರಿ ಮಾಡಿದ ಕೋಟಿನ ಅಂಚು ಕಾಣಿಸಿತು.

ಅವಳು ಮೊಣಕಾಲೂರಿ ಆ ಸಂದಿಗೆ ಬಾಯಿ ಹಚ್ಚಿದಳು.

“ಮಾವ, ಒಂಚೂರು ಸರಿ,” ಎಂದಳು. “ನಾನು ಬಾಗಿಲು ತೆಗೀಬೇಕು.”