ಕಂಬದ ಹಿಂದಿನ ಅರ್ಮಾನ್

ಮೂರು ದಿನಗಳಿಂದ ಲೋರ್ನಾ ಅರ್ಮಾನನಿಗೆ ಒಂದೇ ಒಂದು ಮೂಗು ಕೊಡಿಸಲು ಹೆಣಗುತ್ತಿದ್ದಳು. ಏನು ಮಾಡಿದರೂ ಎರಡು.

ಅಮೆರಿಕದ ಮೇಯ್ನ್ ರಾಜ್ಯದ ಆ ಊರಿನಲ್ಲಿ ಕಾಗದದ ಗಿರಣಿಯವರ ಸಭಾಭವನದ ಉದ್ದನೆಯ ಗೋಡೆಯ ಮೇಲೆ ಒಡೀಲ್ ಅಜ್ಜಿ ಬಿಡಿಸಿದ್ದ ಚಿತ್ರ ಅದು. ಅರವತ್ತು ಕೆಲಸಗಾರರ ಮುಖಗಳು, ಅವುಗಳಲ್ಲೊಂದು ತೀರಿಹೋದ ಅವಳ ಗಂಡ ಅರ್ಮಾನನದು. ಹೋದ ವಾರ ಭವನವನ್ನು ಕೆಡವಿದರು. ಉಳಿದದ್ದು ಲೋರ್ನಾ ತೆಗೆದಿಟ್ಟ ಇಪ್ಪತ್ತಾರು ತುಂಡು ಫೋಟೋಗಳು. ಅವನ್ನು ಕಂಪ್ಯೂಟರಿನಲ್ಲಿ ಹೊಲಿದು ಒಂದಾಗಿಸಿದರೆ ಗೋಡೆ ಉಳಿದಂತೆ. ಆದರೆ ಅರ್ಮಾನನ ಮುಖದ ತುಂಡುಗಳು ಮಾತ್ರ ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಎಂಬತ್ತೆಂಟರ ಅಜ್ಜಿ ಇವತ್ತು ಮಧ್ಯಾಹ್ನವೇ ನೋಡಲು ಬರುವವಳಿದ್ದಳು.

"ಅದೊಂದು ಮುಖ ಬಿಟ್ಟುಬಿಡೇ," ಎಂದ ಊರಿನ ಮ್ಯೂಸಿಯಂ ನೋಡಿಕೊಳ್ಳುವ ರೇನಾಲ್, ಕಾಫಿ ಲೋಟ ಇಡುತ್ತಾ. "ಐವತ್ತೊಂಬತ್ತು ಸರಿ ಬಂದಿವೆಯಲ್ಲ."

"ಆ ಮಾತನ್ನ ಅಜ್ಜಿ ಹತ್ರಾನೇ ಹೇಳು, ನೋಡೋಣ."

ರೇನಾಲ್ ತಲೆ ಕೆರೆದುಕೊಂಡ. "ಎಲ್ಲಾ ಒಂದೇ ಕಡೆ ನಿಂತು ತೆಗೆದಿದ್ದಲ್ವಾ?"

"ಹೂಂ ಮತ್ತೆ! ಸ್ಟ್ಯಾಂಡ್ ಅಲುಗಿಸಲೇ ಇಲ್ಲ. ಗೋಡೆ ಮುಂದಿದ್ದ ಆ ಹಾಳು ಕಂಬ ಅರ್ಮಾನನನ್ನ ಮುಚ್ಚಿತ್ತಲ್ಲ, ಆ ಮೂರು ಫೋಟೋಗೆ ಮಾತ್ರ ಎರಡು ಹೆಜ್ಜೆ ಎಡಕ್ಕೆ..." ಎನ್ನುತ್ತಿದ್ದವಳ ಮಾತು ಅಲ್ಲೇ ನಿಂತಿತು.

ಅಯ್ಯೋ ದೇವರೇ! ಕ್ಯಾಮೆರಾ ನಿಂತಲ್ಲೇ ನಿಂತು ಕತ್ತು ತಿರುಗಿಸಿದೆ ಎಂದೇ ಸಾಫ್ಟ್‌ವೇರ್ ನಂಬಿಕೊಂಡಿತ್ತು. ಎರಡು ಹೆಜ್ಜೆ ಸರಿದದ್ದನ್ನು ಅದಕ್ಕೆ ಹೇಳಿದವರು ಯಾರು? ಸಾಲದ್ದಕ್ಕೆ ಇವಳು ಫೋಟೋಗಳನ್ನು ಒಂದಕ್ಕೊಂದು ಜೋಡಿಸುವ ಗುರುತುಗಳನ್ನು ಕಂಬದ ಮೇಲೂ ಇಟ್ಟಿದ್ದಳು. ಸರಿದು ನೋಡಿದರೆ ಹತ್ತಿರದ ಕಂಬ ಗೋಡೆಯ ಮುಂದೆ ಜಾಗ ಬದಲಿಸುತ್ತದೆ ಎನ್ನುವುದು ಮಕ್ಕಳಿಗೂ ಗೊತ್ತು. ಮೂರು ದಿನ ಆ ಬಡಪಾಯಿ ಯಂತ್ರಕ್ಕೆ ಬಾಯಿಗೆ ಬಂದಂತೆ ಬೈದದ್ದೇ ಬಂತು. ಖುಷಿಪಡಲೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ಸ್ವಲ್ಪ ಹೊತ್ತು ಮೇಜಿನ ಮೇಲೆ ತಲೆಯಿಟ್ಟು ಮಲಗಿದಳು.

ಆಮೇಲೆ ಎದ್ದು ಕಂಬದ ಮೇಲಿನ ಗುರುತುಗಳನ್ನೆಲ್ಲ ಅಳಿಸಿದಳು, ಗೋಡೆಯವನ್ನಷ್ಟೇ ಉಳಿಸಿಕೊಂಡಳು. ಆ ಮೂರು ಫೋಟೋಗಳಿಗೆ ಮಾತ್ರ ಕ್ಯಾಮೆರಾ ಎಷ್ಟು ಪಕ್ಕಕ್ಕೆ, ಮೇಲಕ್ಕೆ, ಮುಂದಕ್ಕೆ ಸರಿದಿದೆ ಎಂದು ಲೆಕ್ಕಹಾಕಲು ಯಂತ್ರವನ್ನು ಬಿಟ್ಟಳು. ಕಂಬವನ್ನು ಎಲ್ಲ ಫೋಟೋಗಳಲ್ಲೂ ಮರೆಮಾಡಿದಳು. ಅರ್ಮಾನ್ ಒಂದೇ ಮೂಗು ಹೊತ್ತು ಬಂದ.

ಅಜ್ಜಿ ಬಂದವಳೇ ಪರದೆಯ ಮುಂದೆ ಕೂತು, ರೇನಾಲನ ಮೈಮೇಲೆ ಬೀಳುವಷ್ಟು ಎಡಕ್ಕೆ ವಾಲಿದಳು.

"ಸೊಂಟ ಹಿಡ್ಕೊಂಡಿತಾ ಅಜ್ಜೀ?" ಎಂದಳು ಲೋರ್ನಾ ಗಾಬರಿಯಾಗಿ.

"ಅಲ್ಲಮ್ಮ, ಕಂಬ..." ಅಜ್ಜಿ ಕಣ್ಣು ಕಿರಿದು ಮಾಡಿದಳು. "ಕಂಬ ಎಲ್ಲೇ?"

"ತೆಗೆದುಬಿಟ್ಟೆ."

"ನಾನು ಚಿತ್ರ ಮುಗಿಸಿದ ಮುಂದಿನ ವರ್ಷಾನೇ ಸೂರು ಕುಸಿಯುತ್ತೆ ಅಂತ ಅದನ್ನ ನಿಲ್ಲಿಸಿದ್ರು. ನಮ್ಮನೆಯವ್ರು ಹೋದ ಮೇಲೆ ಹದಿನೇಳು ವರ್ಷ, ಪ್ರತಿ ಶುಕ್ರವಾರ ಭವನಕ್ಕೆ ಬಿಂಗೊ ಆಟ ಆಡೋಕೆ ಬಂದು ಹೀಗೇ ವಾಲಿ ನೋಡ್ತಿದ್ದೆ."

"ಬೇರೆ ಮೇಜಿಗೆ ಕೂರೋದಲ್ವಾ?" ಎಂದ ರೇನಾಲ್.

"ಅದು ನಮ್ಮಿಬ್ಬರ ಮೇಜು ಕಣೋ, ದಡ್ಡ!"

ಅಜ್ಜಿ ಮೆಲ್ಲಗೆ ನೆಟ್ಟಗಾದಳು. ಬಹಳ ಹೊತ್ತು ನೋಡಿದಳು.

"ಅಯ್ಯೋ ಮುದುಕಾ," ಎಂದಳು, "ಎದುರಿಗೇ ಕೂತಿದ್ದೀಯಲ್ಲೋ."

ಲೋರ್ನಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.