ಅರ್ಧ ಮಾತ್ರೆ

"ಮಾತ್ರೆ ಗೀತ್ರೆ ಏನೂ ನುಂಗ್ತಿಲ್ಲ ತಾನೆ?" ಎಂದು ಡಾಕ್ಟರು ಕೇಳಿದಾಗ ಶ್ರೀರಂಗಯ್ಯ ಎದೆಯುಬ್ಬಿಸಿ, "ಒಂದೂ ಇಲ್ಲ ಸಾರ್. ಮುದ್ದೆ ಬುಟ್ಟೆ, ಅನ್ನ ಬುಟ್ಟೆ, ಅಷ್ಟೆಯ" ಎಂದ. ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದ ಹೆಂಡತಿ ಸುನಂದಾ ಡಾಕ್ಟರ ಕಡೆ ತಿರುಗಿದಳು. ಈಗಲೇ ಹೇಳಿಬಿಡಬೇಕು ಎಂದುಕೊಂಡಳು. ಅಷ್ಟರಲ್ಲಿ ಡಾಕ್ಟರು ಅವನ ಅಂಗಿ ಎತ್ತಿಸಿ ಹೊಟ್ಟೆಗೆ ಕೂದಲೆಳೆಯಂಥ ತಂತಿಯೊಂದನ್ನು ಚುಚ್ಚಿ, ಮೇಲೆ ಪಟ್ಟಿ ಅಂಟಿಸಿದರು.

ಆ ತಂತಿ ಚರ್ಮದಡಿಯಲ್ಲೇ ಇದ್ದು ಸಕ್ಕರೆ ಅಳೆಯುತ್ತದಂತೆ. ಸೊಂಟಕ್ಕೆ ಸಿಕ್ಕಿಸಿದ ಪೇಜರಿನಂಥ ಡಬ್ಬಿಯಲ್ಲಿ ಹಗಲೂ ರಾತ್ರಿ ಅಂಕಿ ಕಾಣುತ್ತದಂತೆ. ಬೆಂಗಳೂರಿನಿಂದ ಹೊಸದಾಗಿ ತರಿಸಿದ್ದು, ಮೂರು ದಿನ ಕಟ್ಟಿಕೊಂಡು ವಾಪಸು ತಂದುಕೊಡಬೇಕು. "ನಿಮ್ಮದು ಇನ್ನೂ ಬಾರ್ಡರು. ಹಿಂಗೆ ಬೆವರೋದು, ಕೈ ನಡುಗೋದು ಆಗಬಾರದು ಕಣ್ರೀ. ಯಾಕೆ ಅಂತ ಇದು ಹೇಳುತ್ತೆ. ಎಪ್ಪತ್ತಕ್ಕಿಂತ ಕೆಳಗಿಳಿದ್ರೆ ಕೂಗುತ್ತೆ. ಕೂಗಿದ ತಕ್ಷಣ ಬೆಲ್ಲವೋ ಸಕ್ಕರೆಯೋ ಬಾಯಿಗೆ ಹಾಕ್ಕೊಳ್ಳಿ" ಎಂದರು ಡಾಕ್ಟರು.

ತುಮಕೂರಿನಿಂದ ಬಂದು ತುರುವೇಕೆರೆಯಲ್ಲಿ ದಬ್ಬೇಘಟ್ಟದ ಬಸ್ಸು ಹತ್ತಿದ ಮೇಲೆ ಶ್ರೀರಂಗಯ್ಯನನ್ನು ಹಿಡಿಯುವವರಿರಲಿಲ್ಲ. ಗುರುತಿನವರಿಗೆಲ್ಲ ಅಂಗಿ ಎತ್ತಿ ಡಬ್ಬಿ ತೋರಿಸಿದ. ಮುದ್ದೆ ಬಿಟ್ಟು ಮೊಟ್ಟೆ, ಸೊಪ್ಪು, ಕೊಬ್ಬರಿ, ಮಜ್ಜಿಗೆಯಲ್ಲೇ ಸಕ್ಕರೆಯನ್ನು ಬಗ್ಗಿಸಿದ ಕಥೆ ಹೇಳಿದ. ಊರಲ್ಲಿ ಆಗಲೇ ಪಕ್ಕದ ಮನೆಯ ತಿಪ್ಪಯ್ಯನೂ ಇವನ ಮಾತು ಕೇಳಿ ಮುದ್ದೆ ಬಿಟ್ಟಿದ್ದ. ಸುನಂದಾ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು.

ಅವಳ ಮಾವನನ್ನು ಕೊಂಡೊಯ್ದದ್ದು ಸಕ್ಕರೆ ಕಾಯಿಲೆಯೇ. ಮೊದಲು ಕಾಲಿನ ಬೆರಳು ಹೋಯಿತು, ಆಮೇಲೆ ಮೊಣಕಾಲಿನವರೆಗೆ. ಹೊಸದಾಗಿ ಮದುವೆಯಾಗಿ ಬಂದವಳು ಆ ಗಾಯ ತೊಳೆದಿದ್ದಳು. ಆ ವಾಸನೆ ಅವಳನ್ನು ಇನ್ನೂ ಬಿಟ್ಟಿರಲಿಲ್ಲ. ಗಂಡನಿಗೂ ಸಕ್ಕರೆ ಬಾಗಿಲಿಗೆ ಬಂದು ನಿಂತಿದೆ ಎಂದು ಗೊತ್ತಾದ ಮೇಲೆ ಅವನು ಮುದ್ದೆ ಬಿಟ್ಟ. ಮೊದಲ ತಿಂಗಳು ಏನೂ ಇಳಿಯಲಿಲ್ಲ. ಕೂತಲ್ಲೇ ಕಾಲಿನ ಹೆಬ್ಬೆರಳು ಚಿವುಟಿ, ನೋವಾಗುತ್ತದೋ ಇಲ್ಲವೋ ಎಂದು ನೋಡಿಕೊಳ್ಳುತ್ತಿದ್ದ. ಮಾತ್ರೆ ತಗೊಳ್ಳಿ ಎಂದು ಅವಳು ಅಂದದ್ದಕ್ಕೆ, "ನಮ್ಮಪ್ಪ ಮಾತ್ರೆ ನುಂಗ್ತಾ ನುಂಗ್ತಾನೇ ಹೋದ. ಇನ್ನೊಂದ್ಸಲ ಆ ಮಾತು ಎತ್ಬೇಡ" ಎಂದು ರೇಗಿದ್ದ. ಅತ್ತೆ ಸಿದ್ದಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಗೋಡೆಯ ಗೂಡಿನಲ್ಲೇ ಇತ್ತು. ಅವನು ತೋಟಕ್ಕೆ ಒಯ್ಯುವ ಮಜ್ಜಿಗೆಗೆ ಸುನಂದಾ ಅರ್ಧ ಮಾತ್ರೆ ಪುಡಿ ಮಾಡಿ ಕದಡಿದ್ದು ಆಗ. ಸಕ್ಕರೆ ಇಳಿಯಿತು, ಗಂಡ ನಕ್ಕ. ಆ ನಗುವಿನ ಎದುರು ನಿಜ ಹೇಳುವ ಧೈರ್ಯ ಅವಳಿಗೆ ಬರಲೇ ಇಲ್ಲ.

ಡಬ್ಬಿ ಕಟ್ಟಿಸಿಕೊಂಡು ಬಂದ ಮೇಲೆ ಮಜ್ಜಿಗೆ ಬರೀ ಮಜ್ಜಿಗೆಯಾಯಿತು. ಅಂಕಿ ಏರತೊಡಗಿತು. ಶ್ರೀರಂಗಯ್ಯ ಗಳಿಗೆಗೊಮ್ಮೆ ಅಂಗಿ ಎತ್ತಿ ನೋಡುತ್ತಿದ್ದ. ನೂರ ಮೂವತ್ತು. ಉಂಡ ಮೇಲೆ ನೂರ ಅರವತ್ತು.

"ಹಂಗಾರೆ ಇಷ್ಟು ದಿನ ಇಳಿದಿದ್ದು ಸುಳ್ಳಾ?" ಎಂದ. ಎರಡನೆಯ ದಿನ ರಾತ್ರಿ ತಟ್ಟೆ ಮುಟ್ಟಲಿಲ್ಲ. ಬೆಳಿಗ್ಗೆ ಅವಳು ಎದ್ದಾಗ ಅವನು ಮತ್ತೆ ಹೆಬ್ಬೆರಳು ಚಿವುಟುತ್ತಾ ಕೂತಿದ್ದ. ಉಗುರು ಊರಿದ ಕಡೆ ರಕ್ತ ಜಿನುಗಿತ್ತು. ಅದು ಸುನಂದಾಳ ಕಣ್ಣಿಗೆ ಬಿತ್ತು. ಇವತ್ತೊಂದು ದಿನ, ಎಂದುಕೊಂಡು ಮಾತ್ರೆಯ ಗೂಡಿಗೆ ಕೈ ಹಾಕಿದಳು.

ಅವನು ಮಜ್ಜಿಗೆಯನ್ನಷ್ಟೇ ಕುಡಿದು, ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ಹಾಕಿದ್ದ ಕಾಯಿಗಳನ್ನು ಇಲಿ ಕೊರೆದಿವೆಯೇನೋ ನೋಡಲು ಏಣಿ ಹತ್ತಿದ. ಹೊಟ್ಟೆಗೆ ಏನಾದರೂ ತಿನ್ನಿ ಎಂದು ಅವಳು ಬೇಡಿಕೊಂಡದ್ದು ಅವನ ಕಿವಿಗೆ ಬೀಳಲಿಲ್ಲ. ಮೇಲೆ ಕಾಯಿ ಉರುಳಿಸುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಆಮೇಲೆ ನಿಂತಿತು.

"ಅದೇನೇ ಅದು, ಕೋಳಿಮರಿ ಕೂಗ್ದಂಗೆ?" ಎಂದಳು ಜಗಲಿಯಲ್ಲಿದ್ದ ಸಿದ್ದಮ್ಮ.

ಸುನಂದಾ ಬೆಲ್ಲದ ಉಂಡೆ ಹಿಡಿದು ಏಣಿ ಹತ್ತಿದಳು. ಶ್ರೀರಂಗಯ್ಯ ಕಾಯಿಗಳ ನಡುವೆ ಕುಳಿತಿದ್ದ. ಬನಿಯನ್ನು ಬೆವರಿನಲ್ಲಿ ತೊಯ್ದು ಮೈಗಂಟಿತ್ತು. ಡಬ್ಬಿಯಲ್ಲಿ ನಲವತ್ತಾರು. ಅವನು ಅದನ್ನೇ ನೋಡುತ್ತಾ ಮಗುವಿನ ಹಾಗೆ ನಗುತ್ತಿದ್ದ.

"ನೋಡೇ... ಇಳಿದದೆ... ಎಂಗಿಳಿದದೆ ನೋಡು..."

"ಬಾಯಿ ತೆಗೀರಿ. ಬೆಲ್ಲ ತಿನ್ರೀ."

"ಬೆಲ್ಲ ಬ್ಯಾಡ. ಬೆಲ್ಲ ತಿಂದ್ರೆ... ಏರ್ತದೆ."

ಅವಳು ತುರುಕಿದ್ದನ್ನು ಉಗಿದ. ಎದ್ದು ನಿಲ್ಲಲು ಹೋದ. ಅಟ್ಟದ ಅಂಚು ಅವನ ಹಿಂದೆ ಒಂದು ಮಾರು ದೂರದಲ್ಲಿತ್ತು. ಅವಳು ಅವನ ಸೊಂಟ ತಬ್ಬಿ ಕೆಡವಿದಳು. ಅವನು ಹಲ್ಲು ಕಚ್ಚಿಕೊಂಡೇ ಇದ್ದ.

"ನೀವು ಇಳಿಸಿದ್ದಲ್ಲ ಕಣ್ರೀ! ನಾನು ಮಾತ್ರೆ ಹಾಕಿದ್ದು. ಅತ್ತೆ ಮಾತ್ರೆ, ಮಜ್ಜಿಗೆಗೆ. ಮೂರು ತಿಂಗಳಿಂದ ಹಾಕ್ತಿದ್ದೀನಿ. ಇವತ್ತೂ ಹಾಕಿದ್ದೀನಿ. ನಿಮ್ಮ ಕಾಲಿಗೆ ಬೀಳ್ತೀನಿ, ಬಾಯಿ ತೆಗೀರಿ!"

ನಗು ಹಾಗೇ ನಿಂತಿತು. ಅರ್ಥವಾಯಿತೋ, ಮೈ ಸೋತಿತೋ, ದವಡೆ ಸಡಿಲವಾಯಿತು. ಅವಳು ಬೆಲ್ಲವನ್ನು ಬೆರಳಲ್ಲಿ ಅರೆದು ಅವನ ವಸಡಿಗೆ ತಿಕ್ಕಿದಳು. ಡಬ್ಬಿ ಕೂಗುತ್ತಲೇ ಇತ್ತು. ಕೊನೆಗೂ ಅವನು ತಾನಾಗಿ ಒಂದು ತುಣುಕು ಬೆಲ್ಲ ಅಗಿದ. ಅಗಿಯುವಾಗ ಅವಳ ಮುಖವನ್ನೇ ನೋಡುತ್ತಿದ್ದ.

ಅವತ್ತೇ ಆಟೋದಲ್ಲಿ ತುರುವೇಕೆರೆಗೆ ಒಯ್ದು ಗ್ಲೂಕೋಸು ಬಾಟಲಿ ಹಾಕಿಸಿದರು. ಮಾರನೆಯ ದಿನ ತುಮಕೂರಿನಲ್ಲಿ ಡಬ್ಬಿ ವಾಪಸು ಕೊಡುವಾಗ ಸುನಂದಾಳೇ ಎಲ್ಲವನ್ನೂ ಹೇಳಿದಳು. "ಇನ್ನೊಂದು ಗಂಟೆ ತಡ ಆಗಿದ್ರೆ ನೀವು ವಿಧವೆ ಆಗ್ತಿದ್ರಿ ಕಣಮ್ಮ" ಎಂದು ಡಾಕ್ಟರು ಬಾಯಿಗೆ ಬಂದ ಹಾಗೆ ಬೈದರು. ಶ್ರೀರಂಗಯ್ಯ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ. ಅವನೂ ಬೈಯಲಿ, ಬೇಕಾದರೆ ಹೊಡೆಯಲಿ ಎಂದು ಅವಳು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಾದಳು.

ಸಂಜೆ ಹುರುಳಿಕಾಯಿ ಪಲ್ಯ, ಮೊಸರು, ಸುಲಿದ ಎರಡು ಮೊಟ್ಟೆ ಬಡಿಸಿ ತಟ್ಟೆಯನ್ನು ಅವನ ಮುಂದಿಟ್ಟಳು. ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಎದ್ದು ಹಿತ್ತಲಿಗೆ ಹೋಗಿ, ಸುಲಿದಿಟ್ಟಿದ್ದ ರಾಶಿಯಿಂದ ಒಂದು ತೆಂಗಿನಕಾಯಿ ಆರಿಸಿ, ಕಲ್ಲಿಗೆ ತಾನೇ ಒಡೆದು, ನೀರನ್ನು ನಿಂತಲ್ಲೇ ಕುಡಿದ. ಹೋಳುಗಳನ್ನು ಹಿಡಿದು ಒಳಗೆ ಬಂದು ಕೂತ.

"ನಾಳೆಯಿಂದ ಮೊಟ್ಟೆ ಸುಲೀಬ್ಯಾಡ. ಚಿಪ್ಪಿರಂಗೇ ಇಡು, ನಾನೇ ಸುಲ್ಕತೀನಿ" ಎಂದ.

"ಅದ್ಯಾಕ್ಲಾ ರಂಗ, ಪಲ್ಯ ಸೇರ್ಲಿಲ್ವಾ?" ಎಂದಳು ಮಾತ್ರೆಯ ಸಂಗತಿ ಏನೂ ಗೊತ್ತಿಲ್ಲದ ಸಿದ್ದಮ್ಮ.

"ಇಷ್ಟೇ ಸಾಕು ಕಣವ್ವ."

ಸುನಂದಾ ಆ ತಟ್ಟೆಯನ್ನು ತನ್ನತ್ತ ಎಳೆದುಕೊಂಡು, ಅವನಿಗೆ ಕಾಣುವಂತೆ ಎದುರಿಗೇ ಕೂತು, ಪಲ್ಯ ಕಲಸಿ ತಿನ್ನತೊಡಗಿದಳು. ಮೊಸರನ್ನೂ ಕುಡಿದಳು. ಶ್ರೀರಂಗಯ್ಯ ತಲೆ ಬಗ್ಗಿಸಿಕೊಂಡು, ಚಾಕುವಿನಿಂದ ಚಿಪ್ಪಿನೊಳಗಿನ ಕಾಯಿ ಎಬ್ಬಿ ತೆಗೆಯುತ್ತಿದ್ದ.